‘ಅವನ ಸ್ವಭಾವವೇ ಹಾಗೆ’ ಎಂದು ಕೈ ತೊಳೆದುಕೊಳ್ಳುವ ಮುಂಚೆ

(ಕೋಲಾರದಲ್ಲಿ ಒಂದು ಭಾನುವಾರ, ದುಡಿಯುವ ಗಂಡಸರು ಹೆಂಗಸರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಎಂದು ಹಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿ ಹಾಗೇ ಇದೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾರಕ್ಕೆ ಒಂದೇ ರಜೆ ಇರುವವರು ಇಲ್ಲಿ ತುಂಬಾ ಜನ ಇದ್ದೀರಿ. ಆ ರಜೆಯ ಬೆಳಗ್ಗೆ ಬಿಟ್ಟು ಬಂದು ಕೂತಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ.

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಸಂಜೆ ಹೊತ್ತು ಆಪ್ತ ಸಮಾಲೋಚನೆಗೆ ಜನ ಬರುತ್ತಾರೆ. ನಿದ್ದೆ ಬರ್ತಿಲ್ಲ ಎಂದು ಬರುತ್ತಾರೆ. ಮನೆಯಲ್ಲಿ ಮಾತು ಮಾತಿಗೂ ಜಗಳ ಎಂದು ಬರುತ್ತಾರೆ. ಹೊಟ್ಟೆ ಉರಿ, ತಲೆನೋವು, ಎದೆಯಲ್ಲಿ ಏನೋ ಹಿಡಿದ ಹಾಗೆ, ಡಾಕ್ಟರು ನೋಡಿ ಎಲ್ಲ ನಾರ್ಮಲ್ ಅಂದ್ರು ಎಂದು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಒಂದು ಮಾತನ್ನು ಹೇಳಿಯೇ ಹೇಳುತ್ತಾರೆ: "ನನ್ನ ಸ್ವಭಾವವೇ ಸರಿಯಿಲ್ಲ ಮೇಡಂ, ಎಲ್ಲದಕ್ಕೂ ಟೆನ್ಶನ್ ಮಾಡ್ಕೊಳ್ತೀನಿ." ಜೊತೆಗೆ ಬಂದ ಹೆಂಡತಿಯೋ ಅಣ್ಣನೋ ತಲೆ ಆಡಿಸುತ್ತಾರೆ. "ಹೌದು ಮೇಡಂ, ಮೊದಲಿಂದಾನೂ ಹೀಗೇನೇ."

ಅಲ್ಲಿಗೆ ಕಾರಣ ಸಿಕ್ಕಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಮನುಷ್ಯ ದಿನಕ್ಕೆ ಎಷ್ಟು ಗಂಟೆ ದುಡಿಯುತ್ತಾನೆ, ಎಷ್ಟು ದೂರ ಓಡಾಡುತ್ತಾನೆ, ಕೆಲಸದ ಜಾಗದಲ್ಲಿ ಅವನ ಮಾತು ಒಂದಾದರೂ ನಡೆಯುತ್ತದಾ, ಹೋದ ತಿಂಗಳು ಎಷ್ಟು ನೈಟ್ ಶಿಫ್ಟ್ ಮಾಡಿದ, ಇದನ್ನೆಲ್ಲ ಯಾರೂ ಕೇಳಿರುವುದಿಲ್ಲ.

ಇವತ್ತು ನಾನು ಹೇಳಬೇಕಾದ್ದು ಇದನ್ನೇ. ಸ್ವಭಾವ ಲೆಕ್ಕಕ್ಕೆ ಬರುತ್ತದೆ, ಅದನ್ನು ತಿಳಿದುಕೊಂಡರೆ ಉಪಯೋಗವೂ ಇದೆ. ಆದರೆ ಕೆಲಸ ಹೇಗಿದೆ ಎಂದು ನೋಡುವ ಮೊದಲೇ ಸ್ವಭಾವದ ಕಡೆ ಬೆರಳು ತೋರಿಸುವುದು ಅನ್ಯಾಯ.

ಮೊದಲು ಸ್ವಭಾವ ಎಂದರೆ ಮನಃಶಾಸ್ತ್ರದಲ್ಲಿ ಏನನ್ನು ಹೇಳುತ್ತಾರೆ, ನೋಡೋಣ. ಜಗತ್ತಿನಾದ್ಯಂತ ಈಗ ಹೆಚ್ಚು ಬಳಕೆಯಲ್ಲಿರುವುದು ಐದು ಗುಣಗಳ ಮಾದರಿ, ಬಿಗ್ ಫೈವ್ ಎನ್ನುತ್ತಾರೆ. ಹೊಸದಕ್ಕೆ ತೆರೆದುಕೊಳ್ಳುವುದು, ಅಚ್ಚುಕಟ್ಟು, ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಆತಂಕಪಡುವುದು. ಈ ಐದೂ ಎಲ್ಲರಲ್ಲೂ ಇರುತ್ತವೆ. ಒಬ್ಬರಲ್ಲಿ ಒಂದು ಜಾಸ್ತಿ, ಇನ್ನೊಬ್ಬರಲ್ಲಿ ಕಮ್ಮಿ, ಅಷ್ಟೇ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಜನರ ನಡುವೆ ಕಾಣುವ ಈ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಹುಟ್ಟಿನಿಂದ ಬರುತ್ತದೆ. ಉಳಿದದ್ದು ಬದುಕಿನಿಂದ. ಇನ್ನೊಂದು ಸಮಾಧಾನದ ವಿಷಯವೂ ಇದೆ. ಸ್ವಭಾವ ಕಲ್ಲಿನಲ್ಲಿ ಕೊರೆದದ್ದಲ್ಲ. ಇಪ್ಪತ್ತರಿಂದ ನಲವತ್ತರ ಕಡೆಗೆ ಬರುತ್ತಾ ಹೆಚ್ಚಿನವರಲ್ಲಿ ಅಚ್ಚುಕಟ್ಟು ಏರುತ್ತದೆ, ಆತಂಕ ಇಳಿಯುತ್ತದೆ.

ಈ ಐದರಲ್ಲಿ ಒತ್ತಡಕ್ಕೆ ಹೆಚ್ಚು ನಂಟು ಇರುವುದು ಕೊನೆಯದಕ್ಕೆ, ಬೇಗ ಆತಂಕಪಡುವ ಗುಣಕ್ಕೆ. ಇದು ಜಾಸ್ತಿ ಇರುವವರಿಗೆ ಕೆಲಸದ ಬಳಲಿಕೆಯೂ ಜಾಸ್ತಿ, ಮನೆಗೂ ಕೆಲಸಕ್ಕೂ ನಡುವಿನ ತಿಕ್ಕಾಟವೂ ಜಾಸ್ತಿ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಇದನ್ನು ಮುಚ್ಚಿಡುವುದು ಬೇಡ. ಸೂಪರ್‌ವೈಸರ್ "ಆಮೇಲೆ ಬಂದು ನೋಡು" ಎಂದರೆ ಒಬ್ಬ ಆಮೇಲೆ ಹೋಗುತ್ತಾನೆ. ಇನ್ನೊಬ್ಬ ಆ ಎರಡು ಗಂಟೆ ಕೆಲಸ ಹೋದೀತೇನೋ, ನಿನ್ನೆ ಮಾಡಿದ್ದರಲ್ಲಿ ಏನು ತಪ್ಪಾಯಿತೋ ಎಂದು ಒಳಗೊಳಗೇ ಬೇಯುತ್ತಾನೆ. ಹೋಗಿ ನೋಡಿದರೆ ರಜೆ ಅರ್ಜಿಗೆ ಸಹಿ ಬಾಕಿ ಇರುತ್ತದೆ. ಒಂದೇ ಮಳೆ ಕೆಂಪು ಮಣ್ಣಿನ ಮೇಲೆ ಬಿದ್ದರೆ ಬೇಗ ಇಂಗುತ್ತದೆ, ಕೆರೆ ಅಂಗಳದ ಜೇಡಿಯ ಮೇಲೆ ಬಿದ್ದರೆ ದಿನಗಟ್ಟಲೆ ನಿಲ್ಲುತ್ತದೆ. ಮಣ್ಣಿನ ಗುಣ ಸುಳ್ಳಲ್ಲ. ಆದರೆ ಮಳೆ ಎಷ್ಟು ಸುರಿಯಿತು ಎಂಬುದನ್ನೂ ಅಳೆಯಬೇಕು, ಅಲ್ವಾ?

ಅಚ್ಚುಕಟ್ಟಿನವರ ಬಗ್ಗೆಯೂ ಒಂದು ಮಾತು. ಇವರನ್ನು ನಾವು ಗಟ್ಟಿಗರು ಎಂದುಕೊಂಡು ಬಿಟ್ಟುಬಿಡುತ್ತೇವೆ. ಯೋಜನೆ ಹಾಕಿ ಕೆಲಸ ಮಾಡುವುದರಿಂದ ಸಾಮಾನ್ಯವಾಗಿ ಇವರಿಗೆ ಒತ್ತಡ ಕಮ್ಮಿಯೇ. ಆದರೆ ಅಚ್ಚುಕಟ್ಟು ಹೋಗಿ ‘ಒಂದು ಚೂರೂ ತಪ್ಪಾಗಬಾರದು’ ಎಂಬ ಹಟ ಆದಾಗ ಕಷ್ಟ ಶುರು. ಜೊತೆಗೆ ಇನ್ನೊಂದು ಇದೆ. ಚೆನ್ನಾಗಿ ಮಾಡುವವರ ಮೇಲೆಯೇ ಕೆಲಸ ಬಂದು ಬೀಳುತ್ತದೆ. ಪಂಚಾಯಿತಿ ಆಫೀಸಾಗಲಿ, ಬ್ಯಾಂಕಾಗಲಿ, ಶಾಲೆಯಾಗಲಿ, "ಅವರಿಗೆ ಕೊಡಿ, ನೀಟಾಗಿ ಮಾಡ್ತಾರೆ" ಎಂದು ಸಮೀಕ್ಷೆ, ಚುನಾವಣೆ, ಆನ್‌ಲೈನ್ ಎಂಟ್ರಿ ಎಲ್ಲ ಅದೇ ಒಬ್ಬ ಮೇಷ್ಟರ ತಲೆಗೆ ಕಟ್ಟುತ್ತಾರೆ. ಹೊಂದಿಕೊಂಡು ಹೋಗುವ ಗುಣವೂ ಸೇರಿದರೆ ಮುಗಿಯಿತು, ಆ ಮನುಷ್ಯನ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಬರುವುದೇ ಇಲ್ಲ.

ಈಗ ನಾನು ಹೇಳುವ ಕಥೆಯನ್ನು ಸ್ವಲ್ಪ ಗಮನವಿಟ್ಟು ಕೇಳಿ. 1950ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಯರ್ ಫ್ರೀಡ್‌ಮನ್, ರೇ ರೋಸೆನ್‌ಮನ್ ಎಂಬ ಇಬ್ಬರು ಹೃದಯ ತಜ್ಞರಿದ್ದರು. ಯಾವಾಗಲೂ ಆತುರ, ಎಲ್ಲದರಲ್ಲೂ ಪೈಪೋಟಿ, ಬೇಗ ಸಿಟ್ಟು, ಇಂಥವರಿಗೆ ಹೃದಯ ಕಾಯಿಲೆ ಜಾಸ್ತಿ ಎಂದು 1959ರಲ್ಲಿ ಬರೆದರು. ಅದಕ್ಕೆ ‘ಟೈಪ್ ಎ’ ಎಂದು ಹೆಸರಿಟ್ಟರು. ಆ ಹೆಸರು ಇವತ್ತಿಗೂ ಟ್ರೈನಿಂಗ್ ಕ್ಲಾಸುಗಳಲ್ಲಿ ಓಡಾಡುತ್ತಿದೆ. ಆದರೆ ಮುಂದೆ ನಡೆದ ಅಧ್ಯಯನಗಳಲ್ಲಿ ಆ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಆತುರ, ಪೈಪೋಟಿಗಿಂತ ಒಳಗೇ ಕುದಿಯುವ ಹಗೆತನ, ಸಿಟ್ಟು, ಇದು ಹೃದಯಕ್ಕೆ ಕೆಟ್ಟದ್ದು ಎಂಬಷ್ಟು ಉಳಿಯಿತು. ಇನ್ನೂ ದೊಡ್ಡ ವಿಷಯ ಎಷ್ಟೋ ವರ್ಷಗಳ ಮೇಲೆ ತಂಬಾಕು ಕಂಪನಿಗಳ ಕಾಗದಪತ್ರ ಹೊರಗೆ ಬಂದಾಗ ಗೊತ್ತಾಯಿತು. ಟೈಪ್ ಎ ಬಗೆಗಿನ ಸಂಶೋಧನೆಗೆ ಆ ಕಂಪನಿಗಳು ವರ್ಷಗಟ್ಟಲೆ ದುಡ್ಡು ಕೊಟ್ಟಿದ್ದವು. ಯಾಕೆ? ಹೃದಯ ಕೆಟ್ಟದ್ದು ಸಿಗರೇಟಿನಿಂದಲ್ಲ, ಆ ಮನುಷ್ಯನ ಸ್ವಭಾವದಿಂದ ಎಂದು ಹೇಳಲು ಅನುಕೂಲ.

ಇದನ್ನು ಯಾಕೆ ಹೇಳಿದೆ ಎಂದರೆ, ತಪ್ಪನ್ನು ಸ್ವಭಾವದ ಮೇಲೆ ಹಾಕಿದಾಗ ಯಾರಿಗೋ ಲಾಭ ಇರುತ್ತದೆ. ನಮ್ಮ ಊರಲ್ಲೂ ಇರುತ್ತದೆ. "ಆ ಹುಡುಗ ಸ್ವಲ್ಪ ವೀಕು, ಪ್ರೆಶರ್ ತಡ್ಕೊಳ್ಳಲ್ಲ" ಎಂದು ಒಂದು ಮಾತು ಹೇಳಿಬಿಟ್ಟರೆ, ಆ ಲೈನಿನಲ್ಲಿ ಮೂರು ಜನ ಮಾಡಬೇಕಾದ ಕೆಲಸವನ್ನು ಇಬ್ಬರು ಮಾಡುತ್ತಿದ್ದರು ಎಂಬ ಮಾತು ಬರುವುದೇ ಇಲ್ಲ.

ಸರಿ, ಕೆಲಸದಲ್ಲಿ ಏನಿದ್ದರೆ ಮನುಷ್ಯ ಸವೆಯುತ್ತಾನೆ? 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ ಒಂದು ಸರಳ ಲೆಕ್ಕ ಕೊಟ್ಟ. ಕೆಲಸ ಎಷ್ಟು ಕೇಳುತ್ತದೆ ಎಂಬುದು ಒಂದು. ಆ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕು ಎಂಬುದರಲ್ಲಿ ನಿಮ್ಮ ಕೈ ಎಷ್ಟಿದೆ ಎಂಬುದು ಇನ್ನೊಂದು. ಕೆಲಸ ಜಾಸ್ತಿ ಇದ್ದು ಹಿಡಿತವೂ ನಿಮ್ಮ ಕೈಯಲ್ಲಿದ್ದರೆ ಸುಸ್ತಾದರೂ ಕಲಿಯುತ್ತೀರಿ, ಬೆಳೆಯುತ್ತೀರಿ. ಕೆಲಸ ಜಾಸ್ತಿ, ಹಿಡಿತ ಮಾತ್ರ ಏನೂ ಇಲ್ಲ ಎಂದರೆ ಮನಸ್ಸೂ ದೇಹವೂ ಕೆಡುತ್ತವೆ. ಮುಂದೆ ಬಂದವರು ಇದಕ್ಕೆ ಮೂರನೆಯದನ್ನು ಸೇರಿಸಿದರು. ಪಕ್ಕದಲ್ಲಿ ಆಸರೆಯಾಗುವವರು ಇದ್ದಾರಾ ಎಂಬುದು.

ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದ ಬಗ್ಗೆ ಇಲ್ಲಿರುವ ಸರ್ಕಾರಿ ನೌಕರರು ಕೇಳಿಸಿಕೊಳ್ಳಬೇಕು. ದೊಡ್ಡ ಸಾಹೇಬರಿಗೆ ದೊಡ್ಡ ಟೆನ್ಶನ್, ಅವರಿಗೇ ಹೃದಯಾಘಾತ ಜಾಸ್ತಿ ಎಂದು ಎಲ್ಲರೂ ನಂಬಿದ್ದರು. ನೋಡಿದರೆ ಉಲ್ಟಾ. ಕೆಳಗಿನ ದರ್ಜೆಯ ನೌಕರರೇ ಹೃದಯ ಕಾಯಿಲೆಯಿಂದ ಹೆಚ್ಚು ಸಾಯುತ್ತಿದ್ದರು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಆ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ ಇದಕ್ಕೆ ಒಂದು ಮುಖ್ಯ ಕಾರಣ ಕಂಡಿತು. ಕೆಳಗಿನವರಿಗೆ ತಮ್ಮ ಕೆಲಸದ ಮೇಲೆ ಹಿಡಿತವಿಲ್ಲ.

ಹಿಡಿತ ಎಂದರೆ ದೊಡ್ಡ ಅಧಿಕಾರ ಅಂದುಕೊಳ್ಳಬೇಡಿ. ನರಸಾಪುರ, ವೇಮಗಲ್, ಮಾಲೂರು ಕಡೆ ಫ್ಯಾಕ್ಟರಿಗಳಿಗೆ ಹೋಗುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದಾಗ ಟಾರ್ಗೆಟ್ ಜಾಸ್ತಿ ಎಂದು ಅಳುವುದು ಕಮ್ಮಿ. ಅವರು ಹೇಳುವುದು ಇಂಥದ್ದು: "ಬಾತ್‌ರೂಮಿಗೆ ಹೋಗ್ಬೇಕು ಅಂದ್ರೂ ಬದಲಿ ಇನ್ನೊಬ್ರು ಬರೋ ತನಕ ನಿಂತಿರ್ಬೇಕು ಮೇಡಂ." "ಮುಂದಿನ ವಾರ ಯಾವ ಶಿಫ್ಟ್ ಅಂತ ಶನಿವಾರ ಸಂಜೆ ಗೊತ್ತಾಗುತ್ತೆ." "ತಂಗಿ ಮದುವೆಗೆ ರಜೆ ಸಿಗುತ್ತೋ ಇಲ್ವೋ ಅಂತ ಹದಿನೈದು ದಿನ ಕಾಯಿಸಿದ್ರು." ರಜೆ ಸಿಕ್ಕಿತು ಕೊನೆಗೆ. ಆದರೆ ಆ ಹದಿನೈದು ದಿನ ಆ ಹುಡುಗಿ ನಿದ್ದೆ ಮಾಡಿರಲಿಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದವರು ಹಗಲು ಮಲಗುವುದು ಎಲ್ಲಿ ಎಂದು ಒಮ್ಮೆ ಹೋಗಿ ನೋಡಿ. ಒಂದು ರೂಮಿಗೆ ನಾಲ್ಕೈದು ಜನ, ಮೇಲೆ ಶೀಟು, ಪಕ್ಕದ ಮನೆಯಲ್ಲಿ ಮಿಕ್ಸಿ, ಹೊರಗೆ ನೀರಿನ ಟ್ಯಾಂಕರ್ ಹಾರ್ನು. ಹೊತ್ತು ಏರಿದಂತೆ ದೇಹದ ಗಡಿಯಾರವೇ ಎದ್ದೇಳು ಎನ್ನುತ್ತದೆ, ಮಲಗಿದರೂ ಆಳದ ನಿದ್ದೆ ಬರುವುದಿಲ್ಲ. ಆರು ತಿಂಗಳಾದ ಮೇಲೆ ಆ ಹುಡುಗ ಸಿಡುಕನಾದರೆ ಅದನ್ನು ಸ್ವಭಾವ ಅನ್ನೋಣವಾ?

ನೌಕರಿ ಇಲ್ಲದೆ ಸ್ವಂತ ದುಡಿಮೆ ಮಾಡುವವರಿಗೂ ಇದೇ ಲೆಕ್ಕ ಹೊಂದುತ್ತದೆ. ನಮ್ಮ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಅದೇ ಬಾಕ್ಸನ್ನು ಕೂಲಿ, ಬಾಡಿಗೆಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಹೋದ ದಿನಗಳನ್ನೂ ನೀವು ನೋಡಿದ್ದೀರಿ. ರಾತ್ರಿ ಇಡೀ ಎದ್ದು ನೀರು ಹಾಯಿಸಿದ್ದು, ಔಷಧಿ ಹೊಡೆದದ್ದು, ಇದರಲ್ಲಿ ಅವನ ಕೈ ಇದೆ. ಬೆಳಗ್ಗೆ ಹರಾಜಿನಲ್ಲಿ ಕೂಗುವ ರೇಟಿನಲ್ಲಿ ಏನೂ ಇಲ್ಲ. ಶಿಡ್ಲಘಟ್ಟದಲ್ಲಿ ಗೂಡು ತಂದು ರೇಷ್ಮೆ ಬಿಚ್ಚುವ ಮನೆಗಳಲ್ಲಂತೂ ಕೆಲಸದ ಜಾಗವೂ ಮನೆಯೂ ಒಂದೇ ಗೋಡೆಯ ಎರಡು ಬದಿ. ಅವರಿಗೆ ‘ಮನೆಗೆ ಬಂದು ಕೆಲಸ ಮರೆತುಬಿಡಿ’ ಎಂದು ಸಲಹೆ ಕೊಡುವುದು ಹೇಗೆ?

ಶಿಡ್ಲಘಟ್ಟ ಎಂದಾಗ ಇನ್ನೊಂದು ಮಾತು ನೆನಪಾಗುತ್ತದೆ. ಆ ಊರಲ್ಲೇ ಹುಟ್ಟಿದ ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅವರು ಕಟ್ಟಿದ್ದರ ಬಗ್ಗೆ ನನಗೆ ಗೌರವ ಇದೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಲೆಕ್ಕ ಹಾಕಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬರುವ ಅಪಾಯ ಸುಮಾರು 35 ಶೇಕಡ ಜಾಸ್ತಿ, ಹೃದಯ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡ ಜಾಸ್ತಿ. ಸ್ವಂತ ಕಂಪನಿ ಕಟ್ಟುವವನ 70 ಗಂಟೆಯಲ್ಲಿ ಹಿಡಿತವೂ ಅವನದು, ಫಲವೂ ಅವನದು. ಲೈನಿನಲ್ಲಿ ನಿಂತವನ 70 ಗಂಟೆ ಬೇರೆಯೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಮನೆ ವಿಷಯಕ್ಕೆ ಬರೋಣ. ಕೆಲಸ ಮತ್ತು ಮನೆ ಹೇಗೆ ಒಂದನ್ನೊಂದು ತಿಕ್ಕುತ್ತವೆ ಎಂದು ಗ್ರೀನ್‌ಹೌಸ್, ಬ್ಯೂಟೆಲ್ ಎಂಬಿಬ್ಬರು 1985ರಲ್ಲಿ ಮೂರು ಬಗೆ ಹೇಳಿದರು. ಒಂದು, ಸಮಯ ಸಾಲದೆ ಹೋಗುವುದು. ಇದು ಎಲ್ಲರಿಗೂ ಗೊತ್ತು. ಎರಡು, ಅಲ್ಲಿಯ ಆಯಾಸ ಇಲ್ಲಿಗೆ ಬರುವುದು. ಮನೆಯಲ್ಲಿ ಕೂತಿದ್ದಾರೆ, ಮಗು ಏನೋ ತೋರಿಸುತ್ತಿದೆ, ಹೂಂ ಎನ್ನುತ್ತಾರೆ, ಆದರೆ ಅಲ್ಲಿಲ್ಲ. ಮೂರನೆಯದರ ಬಗ್ಗೆ ನಾವು ಮಾತೇ ಆಡುವುದಿಲ್ಲ. ಕೆಲಸದಲ್ಲಿ ಬೇಕಾದ ನಡತೆ ಮನೆಗೆ ಆಗಿಬರುವುದಿಲ್ಲ. ಇಡೀ ದಿನ ನಲವತ್ತು ಜನರ ಮೇಲೆ ಗದರಿ ಕೆಲಸ ತೆಗೆಯುವ ಮೇಸ್ತ್ರಿ ಮನೆಗೆ ಬಂದು ಅದೇ ದನಿಯಲ್ಲಿ "ಎಷ್ಟೊತ್ತು ಒಂದು ಕಾಫಿಗೆ?" ಎನ್ನುತ್ತಾನೆ. ದಿನವಿಡೀ ಗಿರಾಕಿಗಳ ಮುಂದೆ ನಗುನಗುತ್ತಾ ಮಾತಾಡುವ ಹುಡುಗಿ ಮನೆಗೆ ಬಂದರೆ ಯಾರ ಜೊತೆಯೂ ಒಂದು ಮಾತೂ ಆಡಲಾರಳು. ಬಾಯಿ ಸೋತಿರುತ್ತದೆ. ಅತ್ತೆ ಅದನ್ನು ಕೊಬ್ಬು ಅನ್ನುತ್ತಾರೆ.

ಹೆಂಗಸರ ಲೆಕ್ಕವನ್ನು ಬೇರೆಯಾಗಿಯೇ ಹೇಳಬೇಕು. ಕೇಂದ್ರ ಸರ್ಕಾರ 2019ರಲ್ಲಿ ದೇಶಾದ್ಯಂತ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಗಂಡಸರು 97 ನಿಮಿಷ. ಅದೂ ಕೈ ಹಾಕುವ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಜನ ಮಾತ್ರ ಇದ್ದರು.

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲು ನಿಮ್ಮಲ್ಲಿ ಹಲವರಿಗೆ ದಿನದ ಪಾಡು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಅನ್ನ ಆ ಹಳಿಯ ಮೇಲೆ ನಿಂತಿದೆ. ಒಂದು ಕಡೆಗೆ ಎಂಬತ್ತು ಕಿ.ಮೀ.ಗೂ ಹೆಚ್ಚು. ಅವರೆಕಾಯಿ ಕಾಲದಲ್ಲಿ ಸಂಜೆ ವಾಪಸು ಬರುವ ಬೋಗಿಯಲ್ಲಿ ಹೆಂಗಸರನ್ನು ನೋಡಿ. ಮಡಿಲಲ್ಲಿ ಪೇಪರ್ ಹಾಸಿಕೊಂಡಿರುತ್ತಾರೆ. ತುದಿ ಮುರಿದು ನಾರು ಎಳೆದು, ಹೆಬ್ಬೆರಳಲ್ಲಿ ಸೀಳಿ, ಕಾಳು ಮಧ್ಯಾಹ್ನದ ಊಟದ ಡಬ್ಬಿಗೆ, ಸಿಪ್ಪೆ ಕವರಿಗೆ, ಹುಳು ಬಿದ್ದದ್ದು ಬೇರೆ. ಇಡೀ ಬೋಗಿಗೆ ಸೊಗಡು. ಕೆ.ಆರ್. ಪುರದಲ್ಲಿ ಶುರು ಮಾಡಿದರೆ ಟೇಕಲ್ ಹೊತ್ತಿಗೆ ಡಬ್ಬಿ ತುಂಬುತ್ತದೆ. ರಾತ್ರಿ ನೆನೆಹಾಕಿದರೆ ಬೆಳಗ್ಗೆ ಹಿದುಕಬಹುದು. ಮನೆ ತಲುಪುವ ಮೊದಲೇ ಮನೆಗೆಲಸ ಶುರುವಾಗಿದೆ. ಎದುರು ಸೀಟಿನಲ್ಲಿ ಅವರದೇ ಆಫೀಸಿನ ಗಂಡಸು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿರುತ್ತಾರೆ. ಅವರ ನಿದ್ದೆ ತಪ್ಪಲ್ಲ, ಬೆಳಗ್ಗೆ ಕತ್ತಲಲ್ಲಿ ಎದ್ದವರು ಅವರೂ. ಆದರೆ ಆ ಎರಡು ಗಂಟೆ ಒಬ್ಬರಿಗೆ ವಿಶ್ರಾಂತಿ, ಇನ್ನೊಬ್ಬರಿಗೆ ಎರಡನೇ ಪಾಳಿ.

ಅದೇ ಬೋಗಿಯಲ್ಲಿ ಸ್ವಭಾವವೂ ಕಾಣುತ್ತದೆ. ಒಬ್ಬರಿಗೆ ಕಾಳು ಸುಲಿಯುತ್ತಾ ನಾಲ್ಕು ಜನರ ಜೊತೆ ಮಾತಾಡಿದರೆ ದಿನದ ಭಾರವೆಲ್ಲ ಇಳಿಯುತ್ತದೆ. ಬೆರೆಯುವ ಗುಣ ಜಾಸ್ತಿ ಇರುವವರು ಅವರು. ಇನ್ನೊಬ್ಬರಿಗೆ ಅದೇ ಮಾತು ಇನ್ನೊಂದು ಹೊರೆ. ಅವರಿಗೆ ಬಾಗಿಲ ಹತ್ತಿರ ಸುಮ್ನೆ ನಿಂತು ಗಾಳಿ ಕುಡಿಯಬೇಕು. ಮೂರನೆಯವರು ಫೋನಿನಲ್ಲಿ ಆಫೀಸಿನ ಉಳಿದ ಕೆಲಸ ಮುಗಿಸಿಯೇ ಮನೆಗೆ ಹೋಗಬೇಕು, ಇಲ್ಲದಿದ್ದರೆ ಮನೆಯಲ್ಲೂ ಅದೇ ಕೊರೆಯುತ್ತದೆ. ನಾಲ್ಕನೆಯವರು ಆಫೀಸಿನ ಗೇಟು ದಾಟಿದ ಮೇಲೆ ಆ ಫೋನನ್ನೇ ನೋಡಬಾರದು. ಕೆಲಸ ಮತ್ತು ಮನೆಯ ನಡುವೆ ಗೋಡೆ ಕಟ್ಟಿಕೊಂಡರೆ ನೆಮ್ಮದಿ ಎನ್ನುವವರು ಕೆಲವರು, ಎರಡೂ ಕಲೆತಿದ್ದರೇ ನೆಮ್ಮದಿ ಎನ್ನುವವರು ಕೆಲವರು. ಎರಡರಲ್ಲೂ ತಪ್ಪಿಲ್ಲ. ನೀವು ಯಾವ ಬಗೆ ಎಂದು ತಿಳಿಯದೆ ಇನ್ನೊಬ್ಬರ ಟೈಮ್‌ಟೇಬಲ್ ತೆಗೆದುಕೊಂಡರೆ ಕಷ್ಟ. ಸ್ವಭಾವ ತಿಳಿದುಕೊಂಡರೆ ಉಪಯೋಗ ಇದೆ ಎಂದೆನಲ್ಲ, ಅದು ಇಲ್ಲಿ. ಯಾರ ತಪ್ಪು ಎಂದು ಹುಡುಕುವುದಕ್ಕೆ ಅದು ಬೇಡ. ಹೇಗೆ ಸುಧಾರಿಸಿಕೊಳ್ಳಬೇಕು ಎಂದು ಗೊತ್ತು ಮಾಡಿಕೊಳ್ಳುವುದಕ್ಕೆ ಬೇಕು.

ಸುಧಾರಿಸಿಕೊಳ್ಳುವುದರ ಬಗ್ಗೆ ಜರ್ಮನಿಯ ಸಬೀನ್ ಸೊನ್ನೆಂಟಾಗ್ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೆಲಸದಿಂದ ಮನಸ್ಸು ಪೂರ್ತಿ ಬಿಡುಗಡೆ ಆಗುವುದು, ಮೈ ಸಡಿಲವಾಗುವುದು, ಕೆಲಸಕ್ಕೆ ಸಂಬಂಧವಿಲ್ಲದ ಏನನ್ನಾದರೂ ಕಲಿಯುವುದು, ಆ ಬಿಡುವಿನ ಹೊತ್ತು ನಮ್ಮ ಇಷ್ಟದ ಪ್ರಕಾರ ನಡೆಯುವುದು. ಈ ನಾಲ್ಕು ಇದ್ದರೆ ಮನುಷ್ಯ ಮಾರನೇ ದಿನಕ್ಕೆ ತಯಾರಾಗುತ್ತಾನೆ. ಮನಸ್ಸಿಗೆ ತಟ್ಟುವ ವಿಷಯ ಏನೆಂದರೆ, ಯಾರಿಗೆ ಈ ಬಿಡುಗಡೆ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದು ಕಮ್ಮಿ. ದಿನ ಕೆಟ್ಟದಾಗಿ ಹೋದಷ್ಟೂ ರಾತ್ರಿ ಅದನ್ನೇ ಮೆಲುಕು ಹಾಕುತ್ತೇವೆ. ಆಗ ಫೋನಿನಲ್ಲಿ ವಾಟ್ಸ್ಯಾಪ್ ಗ್ರೂಪು ಒಂದು ಸಲ ಟಿಣ್ ಎಂದರೆ ಸಾಕು. ಮೆಸೇಜು ನಿಮಗೆ ಬಂದದ್ದೇ ಆಗಬೇಕಾಗಿಲ್ಲ. ರಾತ್ರಿ ಹತ್ತಕ್ಕೆ ಯಾರೋ ಸಾಹೇಬರು ಯಾರನ್ನೋ "ಇದಿನ್ನೂ ಯಾಕೆ ಆಗಿಲ್ಲ" ಎಂದು ಗ್ರೂಪಿನಲ್ಲಿ ಕೇಳಿದರೆ ಅದನ್ನು ಓದಿದ ಅಷ್ಟೂ ಮನೆಗಳಲ್ಲಿ ಆಫೀಸು ಮತ್ತೆ ಶುರುವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಎಂದರೆ ಏನು ಎಂದು ಬರೆದಿಟ್ಟಿತು. ಶಕ್ತಿ ಬಸಿದು ಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಯಾವುದೂ ಸರಿಬರುತ್ತಿಲ್ಲ ಅನ್ನಿಸುವುದು. ಅದರ ಕಾರಣವನ್ನು ಅವರು ಎಲ್ಲಿ ಇಟ್ಟರು ಗೊತ್ತಾ? ಕೆಲಸದ ಜಾಗದಲ್ಲಿ ಬಹುಕಾಲ ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡದಲ್ಲಿ. ಅದನ್ನು ಕಾಯಿಲೆ ಎಂದು ಕೂಡ ಕರೆಯಲಿಲ್ಲ, ಉದ್ಯೋಗಕ್ಕೆ ಸೇರಿದ ಸ್ಥಿತಿ ಎಂದರು. ನಿಮ್ಮನ್ನು ಯಾರಾದರೂ ವೀಕು ಎಂದರೆ ಇದನ್ನು ನೆನಪಿಟ್ಟುಕೊಳ್ಳಿ.

ಇಲ್ಲಿಗೆ ನನ್ನ ಮಾತು. ಈಗ ನೀವು ಕೇಳಿ.

*

(ಒಬ್ಬ ಮಹಿಳೆ, ಬ್ಯಾಂಕ್ ಉದ್ಯೋಗಿ) ಮೇಡಂ, ನಮ್ಮ ಮನೆಯವರು ಕೆಲಸದಿಂದ ಬಂದ್ರೆ ಒಂದು ಗಂಟೆ ಯಾರ ಜೊತೇನೂ ಮಾತಾಡಲ್ಲ. ನನಗೆ ಬಂದ ತಕ್ಷಣ ಎಲ್ಲ ಹೇಳ್ಕೋಬೇಕು. ದಿನಾ ಇದೇ ಜಗಳ.

ನೀವಿಬ್ಬರೂ ಸುಧಾರಿಸಿಕೊಳ್ಳುತ್ತಿದ್ದೀರಿ ಅಕ್ಕ, ದಾರಿ ಬೇರೆ ಅಷ್ಟೇ. ನಿಮಗೆ ಮಾತು ಔಷಧಿ, ಅವರಿಗೆ ಮೌನ. ಜಗಳ ಇಲ್ಲದ ಒಂದು ಹೊತ್ತು ನೋಡಿ ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ಬಂದ ಮೇಲೆ ಅರ್ಧ ಗಂಟೆ ಅವರದು, ಊಟ ಆದ ಮೇಲೆ ಅರ್ಧ ಗಂಟೆ ನಿಮ್ಮದು, ಆಗ ಅವರು ಫೋನ್ ಪಕ್ಕಕ್ಕಿಟ್ಟು ಕೇಳಬೇಕು. ಆದರೆ ಒಂದು ಪ್ರಶ್ನೆ ನಾನೂ ಕೇಳುತ್ತೇನೆ. ಅವರು ಸುಮ್ಮನಿರುವ ಆ ಒಂದು ಗಂಟೆ ನೀವೇನು ಮಾಡುತ್ತಿರುತ್ತೀರಿ? (ಅಡುಗೆ, ಎಂದರು.) ಹಾಗಾದರೆ ನಿಮ್ಮ ಅರ್ಧ ಗಂಟೆ ಎಲ್ಲಿಂದ ಬರಬೇಕು ಎಂಬುದನ್ನೂ ಅದೇ ಮಾತಿನಲ್ಲಿ ಸೇರಿಸಿ. ಪಾತ್ರೆ ಅವರು ತೊಳೆಯಲಿ.

(ಒಬ್ಬ ಯುವಕ) ಮೇಡಂ, ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಸು ಹಾಲು ಕರೆದು ಡೈರಿಗೆ ಹಾಕಿ, ಆಮೇಲೆ ಕಂಪನಿ ಬಸ್ ಹತ್ತೀನಿ. ಓಟಿ ಕೊಟ್ರೆ ಬಿಡಲ್ಲ, ಸಾಲ ಇದೆ. ರೆಸ್ಟ್ ತಗೊಳ್ಳಿ ಅಂದ್ರೆ ಹೆಂಗೆ?

ರೆಸ್ಟ್ ತಗೊಳ್ಳಿ ಎಂದು ಸುಲಭವಾಗಿ ಹೇಳಲಾರೆ ಅಣ್ಣ. ಹಸುವಿಗೆ ಭಾನುವಾರ ಇಲ್ಲ, ಸಾಲಕ್ಕೂ ಇಲ್ಲ. ಎರಡು ಮಾತು ಹೇಳುತ್ತೇನೆ. ಓಟಿ ಮಾಡಲೇಬೇಕಾದರೆ ಯಾವ ದಿನ ಎಂದು ವಾರದ ಮೊದಲೇ ನೀವೇ ಗೊತ್ತು ಮಾಡಿಕೊಳ್ಳಿ, ಅವತ್ತಿನ ಬೆಳಗಿನ ಹಾಲು ಮನೆಯಲ್ಲಿ ಬೇರೆ ಯಾರಾದರೂ ನೋಡಿಕೊಳ್ಳಲಿ. ಇನ್ನೊಂದು, ನಿದ್ದೆಯನ್ನು ಮಾತ್ರ ಮಾರಬೇಡಿ. ನಾಲ್ಕೂವರೆಗೆ ಏಳುವವರು ಹತ್ತು ಗಂಟೆಯ ಒಳಗೆ ಮಲಗಲೇಬೇಕು. ಮೆಷಿನ್ ಮೇಲೆ ಕೆಲಸ ಮಾಡುವವರಿಗೆ ನಿದ್ದೆಗೆಟ್ಟ ಕಣ್ಣಿನಿಂದ ಬೆರಳು ಹೋದೀತು. ಓಟಿಗೆ ಸಂಬಳದ ಎರಡರಷ್ಟು ದರ ಕೊಡಬೇಕು ಎಂದು ಕಾನೂನಿದೆ, ನಿಮ್ಮ ಚೀಟಿ ನೋಡಿಕೊಳ್ಳಿ.

(ಒಬ್ಬ ಹಿರಿಯರು) ನನ್ನ ಮಗ ಬೆಂಗಳೂರಿಗೆ ದಿನಾ ಓಡಾಡ್ತಾನೆ. ಈಚೆಗೆ ಊಟ ಸೇರಲ್ಲ, ಯಾಕೆ ಬದುಕಬೇಕು ಅಂತಾನೆ. ಡಾಕ್ಟರ ಹತ್ರ ಹೋಗಲ್ಲ ಅಂತಾನೆ.

ಯಜಮಾನರೇ, ಇದನ್ನು ಸ್ವಭಾವ, ಬೇಸರ ಎಂದು ಬಿಡಬೇಡಿ. ಇವತ್ತೇ ಅವನ ಹತ್ತಿರ ಕೂತು "ಸಾಯಬೇಕು ಅನ್ನಿಸ್ತಿದೆಯಾ" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಅವನು ಬರದಿದ್ದರೆ ನೀವೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರದ್ದು, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಇಲ್ಲಿನ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಸಭೆ ಮುಗಿದ ಮೇಲೆ ಹೋಗಬೇಡಿ, ನನ್ನ ಜೊತೆ ಮಾತಾಡಿ ಹೋಗಿ.

(ಒಬ್ಬ ಶಿಫ್ಟ್ ಸೂಪರ್‌ವೈಸರ್) ಮೇಡಂ, ನೀವು ಹೇಳಿದ್ದೆಲ್ಲ ಸರಿ. ಆದ್ರೆ ನನ್ನ ಮೇಲೂ ಟಾರ್ಗೆಟ್ ಇದೆ. ಜನ ಕಮ್ಮಿ ಕೊಡ್ತಾರೆ. ನನ್ನ ಕೈಲಿ ಏನಿದೆ?

ಒಳ್ಳೆಯ ಪ್ರಶ್ನೆ. ಮಧ್ಯದಲ್ಲಿ ಸಿಕ್ಕಿಕೊಂಡವರ ಕಷ್ಟ ನನಗೆ ಗೊತ್ತು ಸಾರ್. ಟಾರ್ಗೆಟ್ ಇಳಿಸುವುದು ನಿಮ್ಮ ಕೈಲಿಲ್ಲ. ಜನ ಎಷ್ಟು ಕಮ್ಮಿ ಇದ್ದಾರೆ ಎಂದು ದಿನಾ ಬರೆದಿಡುವುದು, ಅದನ್ನು ಮೇಲಿನವರ ಮುಂದೆ ಇಡುವುದು ಇದೆ. ಶಿಫ್ಟ್ ಪಟ್ಟಿಯನ್ನು ಶನಿವಾರ ಸಂಜೆ ಹಾಕುವ ಬದಲು ಎರಡು ವಾರ ಮುಂಚೆ ಹಾಕುವುದು ನಿಮ್ಮ ಕೈಲಿದೆಯಾ? (ಹಾಕಬಹುದು, ಎಂದರು.) ಇಬ್ಬರು ಹುಡುಗರು ಪರಸ್ಪರ ಒಪ್ಪಿ ಶಿಫ್ಟ್ ಬದಲಾಯಿಸಿಕೊಳ್ಳುತ್ತೇವೆ ಎಂದರೆ ಬಿಡುವುದು? ರಜೆ ಅರ್ಜಿಗೆ ಹೌದೋ ಇಲ್ಲವೋ ಮೂರು ದಿನದ ಒಳಗೆ ಹೇಳುವುದು? ಇಲ್ಲ ಎಂದಾದರೂ ಸರಿ, ಬೇಗ ಹೇಳಿ. ನೈಟ್ ಶಿಫ್ಟ್ ಮುಗಿಸಿ ಹೋದವರಿಗೆ ಮಧ್ಯಾಹ್ನ ಫೋನ್ ಮಾಡದೆ ಇರುವುದು? ಇದಕ್ಕೆ ಯಾವುದಕ್ಕೂ ಮ್ಯಾನೇಜ್‌ಮೆಂಟ್ ಒಪ್ಪಿಗೆ ಬೇಕಾಗಿಲ್ಲ, ಖರ್ಚೂ ಇಲ್ಲ. ನಾಳೆ ಸೋಮವಾರ. ಮೊದಲು ಪಟ್ಟಿಯಿಂದ ಶುರು ಮಾಡಿ.